ಕಿವಿಗೆ ಹತ್ತಿ, ನಾಲ್ಕನೇ ಜ್ವರ

ಮೂವತ್ನಾಲ್ಕು ವರ್ಷ ನರ್ಸ್ ಕೆಲಸ ಮಾಡಿದೆ. ಹೆಚ್ಚಿನ ಕಾಲ ಕಳೆದದ್ದು ಆಪರೇಷನ್ ಥಿಯೇಟರಿನಲ್ಲಿ. ಭಯವಿಲ್ಲದೆ ಒಂದು ದಿನವಾದರೂ ಆ ಬಾಗಿಲು ದಾಟಿದ ನೆನಪು ನನಗಿಲ್ಲ. ಜೊತೆಯವರು ನನ್ನನ್ನು ಪುಕ್ಕಲು ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಬೇಜಾರಾಗುತ್ತಿರಲಿಲ್ಲ, ಏಕೆಂದರೆ ಮಾತು ನಿಜವೇ ಆಗಿತ್ತು.

ಈಚೆಗೆ ಈ ಕೆಲಸಕ್ಕೆ ಸೇರಲು ಹೊರಟಿರುವ ಒಬ್ಬ ಹುಡುಗಿ ನಮ್ಮ ಮನೆಗೆ ಬಂದು ಒಂದು ಪ್ರಶ್ನೆ ಕೇಳಿದಳು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅವಳು ಹೋದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಸಿಕ್ಕ ಬಡ್ತಿ, ಹಾರ, ಶಾಲುಗಳ ವಿಚಾರ ಇಲ್ಲಿಲ್ಲ. ನಾನು ಹೆದರಿದ ವಿಚಾರ ಮಾತ್ರ ಇದೆ. ಇದು ನಡೆದ ಆಸ್ಪತ್ರೆಯ ಹೆಸರನ್ನೂ ಹೇಳುವುದಿಲ್ಲ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಎಲ್ಲ ಕಡೆ ಕೆಲಸ ಮಾಡಿದ್ದೇನೆ, ಅವುಗಳಲ್ಲಿ ಒಂದು ಅಂತ ಇಟ್ಟುಕೊಳ್ಳಿ.

ಮೊದಲು ಬೆನ್ನಿನ ಇಂಜೆಕ್ಷನ್ ಬಗ್ಗೆ ಹೇಳಬೇಕು. ಸೊಂಟದ ಕೆಳಗಿನ ಆಪರೇಷನ್‌ಗೆ ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಚುಚ್ಚಿ, ಒಳಗಿನ ನೀರಿಗೆ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಸೊಂಟದಿಂದ ಕೆಳಗೆ ಮಾತ್ರ ಏನೂ ತಿಳಿಯುವುದಿಲ್ಲ. ಚುಚ್ಚುವಾಗ ರೋಗಿಯನ್ನು ಮುಂದಕ್ಕೆ ಬಾಗಿಸಿ ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದು ನಮ್ಮ ಕೆಲಸ. ನನ್ನ ಮೊದಲ ದಿನ ಒಬ್ಬ ಗರ್ಭಿಣಿಯನ್ನು ಹಿಡಿದುಕೊಂಡಿದ್ದೆ. ಅವಳು ಅಲ್ಲಾಡದೆ ಕೂತಿದ್ದಳು, ನಡುಗುತ್ತಿದ್ದವಳು ನಾನು.

"ರೋಗಿ ಹೆದರ್ಕೊಂಡ್ರೆ ಸಮಾಧಾನ ಹೇಳಬೋದು. ನಿನಗೆ ಯಾರಮ್ಮ ಸಮಾಧಾನ ಹೇಳೋರು?" ಎಂದು ಹಿರಿಯ ಸಿಸ್ಟರ್ ಎಲ್ಲರ ಮುಂದೆ ಬೈದರು.

ಆ ಕಾಲದಲ್ಲಿ ಒಂದೇ ಸೂಜಿಯನ್ನು ತೊಳೆದು, ಒಳಗೆ ತಂತಿ ಆಡಿಸಿ, ಹಬೆಯಲ್ಲಿ ಬೇಯಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಮೆಲ್ಲಗೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಎಂದು ಅರ್ಥ, ಆ ಸೂಜಿ ಪಕ್ಕಕ್ಕೆ. ಸೂಜಿಗಳೂ ದಪ್ಪ. ಆಪರೇಷನ್ ಆದ ಮಾರನೇ ದಿನ ಎಷ್ಟೋ ಜನ ತಲೆ ಎತ್ತಲಾರದೆ ನರಳುತ್ತಿದ್ದರು. ಆಮೇಲೆ ಒಮ್ಮೆ ಬಳಸಿ ಎಸೆಯುವ ಸೂಜಿ ಬಂತು, ಅದಾದ ಮೇಲೆ ಕೂದಲಿನಷ್ಟು ತೆಳ್ಳಗಿನದು ಬಂತು. ತಲೆನೋವು ಕಡಿಮೆಯಾಯಿತು. ಆದರೆ ತೆಳು ಸೂಜಿ ಯಾವಾಗಲೂ ಸ್ಟಾಕಿನಲ್ಲಿ ಇರುತ್ತಿರಲಿಲ್ಲ. ಇಲ್ಲದ ದಿನ ದಪ್ಪದ್ದೇ ಗತಿ.

ಕಿವಿಯ ವಿಚಾರ ಶುರುವಾದದ್ದು ಅಂಬಾಜಿದುರ್ಗದ ಕಡೆಯ ಒಬ್ಬ ಮುದುಕಪ್ಪನಿಂದ. ಹರ್ನಿಯಾ ಆಪರೇಷನ್ ಆಗಿತ್ತು. ಎರಡನೇ ದಿನ ಬಿಪಿ ನೋಡಲು ಹೋದರೆ ಕೈ ಅಡ್ಡ ಹಿಡಿದು ತೆಲುಗಿನಲ್ಲಿ, "ಚೆವುಲು ಮೂಸ್ಕಪೊಯ್ನಾಯಿ ತಲ್ಲೀ" ಎಂದ. ಕಿವಿ ಮುಚ್ಚಿಕೊಂಡಿವೆ ತಾಯೀ ಅಂತ. ನಾವು ಇಬ್ಬರು ಸಿಸ್ಟರುಗಳು ನಕ್ಕುಬಿಟ್ಟೆವು. ಸೊಂಟಕ್ಕೆ ಚುಚ್ಚಿದರೆ ಕಿವಿ ಯಾಕೆ ಹೋಗುತ್ತದೆ, ವಯಸ್ಸಾಗಿದೆ, ಅಷ್ಟೇ. ಹಿಂದೆಯೇ ನಿಂತಿದ್ದ ಡಾಕ್ಟರ್ ಸದಾಶಿವಯ್ಯ ನಗಲಿಲ್ಲ.

ಸದಾಶಿವಯ್ಯನವರು ನಮ್ಮ ಅರಿವಳಿಕೆ ಡಾಕ್ಟರು, ತುಮಕೂರು ಕಡೆಯವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವರ ಚಪ್ಪಲಿಯ ಸದ್ದು ಕೇಳಿದರೆ ನನಗೆ ಅಂಗೈ ಬೆವರುತ್ತಿತ್ತು. ಅವರು ಮುದುಕಪ್ಪನ ಮಂಚದ ಮೇಲೆ ಕೂತು ಅರ್ಧ ಗಂಟೆ ವಿಚಾರಿಸಿದರು. ಆಮೇಲೆ ನನ್ನನ್ನು ಕರೆದರು.

"ನಗೋ ವಿಷಯ ಅಲ್ಲ ವಿಜಯಮ್ಮ. ಸೂಜಿ ತೂತಿಂದ ಬೆನ್ನಿನ ನೀರು ಒಸರಿದ್ರೆ ತಲೆನೋವು ಬರುತ್ತಲ್ಲ? ಕಿವಿ ಒಳಗೂ ನೀರಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಆ ಮನುಷ್ಯನ ಕಿವಿ ಮಂದ ಆಗಿರೋದು ಔಷಧಿಯಿಂದಲೋ, ತೂತಿಂದಲೋ, ಎರಡರಿಂದಲೂ ಅಲ್ಲವೋ, ನನಗೆ ಗೊತ್ತಿಲ್ಲ. ಯಾರೂ ಕೇಳ್ದೇ ಇದ್ರೆ ಗೊತ್ತಾಗೋದೂ ಇಲ್ಲ."

ಮುದುಕಪ್ಪನ ಕಿವಿ ನಾಲ್ಕೈದು ದಿನದಲ್ಲಿ ತಾನಾಗಿ ಸರಿಹೋಯಿತು. ಆದರೆ ಡಾಕ್ಟರು ಅವನನ್ನು ಮರೆಯಲಿಲ್ಲ. ಎಲ್ಲೆಲ್ಲೋ ಬರೆದು ಕೇಳಿಕೊಂಡು, ಕಿವಿ ಪರೀಕ್ಷೆ ಮಾಡುವ ಒಂದು ಹಳೆಯ ಯಂತ್ರ ತರಿಸಿದರು. ಹೆಡ್‌ಫೋನ್ ಹಾಕಿಸಿ ಸಣ್ಣ ಸಣ್ಣ ಸದ್ದು ಕೇಳಿಸುವುದು, ಕೇಳಿಸಿದಾಗ ರೋಗಿ ಬೆರಳೆತ್ತುವುದು, ಅದರ ಪ್ರಕಾರ ಹಾಳೆಯ ಮೇಲೆ ಒಂದು ಗೆರೆ ಎಳೆಯುವುದು. ಬೆನ್ನಿಗೆ ಸೂಜಿ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಆಪರೇಷನ್‌ಗೆ ಮುಂಚೆ ಒಂದು ಸಲ, ಮನೆಗೆ ಹೋಗುವ ದಿನ ಇನ್ನೊಂದು ಸಲ. ಜೊತೆಗೆ ಒಂದಿಷ್ಟು ಪ್ರಶ್ನೆಗಳ ಹಾಳೆ. ಇದನ್ನೆಲ್ಲ ಮಾಡಲು ನನ್ನನ್ನೇ ಆರಿಸಿದರು.

"ನೀವು ಹೆದರೋ ಮನುಷ್ಯರು. ಹೆದರೋರು ಸುಳ್ಳು ಬರೆಯಲ್ಲ" ಎಂದರು.

ಈ ಮಾತು ನನಗೆ ಎಷ್ಟು ಹೆಮ್ಮೆ ತಂದಿತ್ತೆಂದರೆ ಮನೆಗೆ ಹೋಗಿ ನಮ್ಮ ಯಜಮಾನರಿಗೆ ಎರಡು ಸಲ ಹೇಳಿದ್ದೆ.

ಮೊದಮೊದಲು ಶ್ರದ್ಧೆಯಿಂದಲೇ ಮಾಡಿದೆ. ತೊಡಕಾದದ್ದು ಬಾಣಂತಿಯರಿಂದ. ನಮ್ಮ ಕಡೆ ಹೆರಿಗೆಯಾದ ಕೂಡಲೇ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ. ಸಿಸೇರಿಯನ್ ಆದರೂ ಅಷ್ಟೇ. ಹತ್ತಿ ತೆಗೆದರೆ ಕಿವಿಗೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಜನ್ಮವೆಲ್ಲ ತಲೆಶೂಲೆ ಎನ್ನುವುದು ನಂಬಿಕೆ. ಹತ್ತಿ ತೆಗೆಯದೆ ಹೆಡ್‌ಫೋನ್ ಹಾಕಿ ಪ್ರಯೋಜನವಿಲ್ಲ. ತೆಗೆಯಿರಿ ಅಂದರೆ ಅತ್ತೆಯಂದಿರ ಕೈಯಲ್ಲಿ ಬೈಸಿಕೊಳ್ಳಬೇಕು. ನಾನು ಡಾಕ್ಟರಿಗೆ ಎಷ್ಟು ಹೆದರುತ್ತಿದ್ದೆನೋ ಅತ್ತೆಯಂದಿರಿಗೂ ಅಷ್ಟೇ ಹೆದರುತ್ತಿದ್ದೆ.

ಮಂಜುಳಾ ಬಂದದ್ದು ಆ ದಿನಗಳಲ್ಲಿ. ಜಂಗಮಕೋಟೆಯ ಹತ್ತಿರದ ಒಂದು ಹಳ್ಳಿಯವಳು, ಎಸ್ಸೆಸ್ಸೆಲ್ಸಿ ಓದಿದ್ದಳು, ಚೊಚ್ಚಲ ಹೆರಿಗೆ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳ ಸಾಕಣೆ. ಅವಳ ಅತ್ತೆ ಮುನಿಯಮ್ಮ ಗಟ್ಟಿ ಹೆಂಗಸು. ಸಿಸೇರಿಯನ್ ಆಗಬೇಕಾಯಿತು. ಅವತ್ತು ತೆಳು ಸೂಜಿ ಮುಗಿದಿತ್ತು. ದಪ್ಪ ಸೂಜಿಯಲ್ಲಿ ಎರಡು ಸಲ ಚುಚ್ಚಬೇಕಾಯಿತು. ಹಿಡಿದುಕೊಂಡಿದ್ದವಳು ನಾನೇ. ಹೆಣ್ಣುಮಗು ಹುಟ್ಟಿತು, ಅದು ಅತ್ತ ಸದ್ದಿಗೆ ಮಂಜುಳಾ ತಲೆ ತಿರುಗಿಸಿ ನಕ್ಕದ್ದನ್ನು ನೋಡಿದ್ದೇನೆ.

ಐದನೇ ದಿನ ಮನೆಗೆ ಹೊರಟಿದ್ದರು. ಯಂತ್ರ ಹಿಡಿದು ಹೋದೆ. ಮಂಜುಳಾ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕೂತರೆ ತಲೆ ನೋಯುತ್ತದೆ ಎಂದಳು. ಹತ್ತಿ ತೆಗೆಯಲು ಕೈ ಚಾಚಿದೆ.

ಮುನಿಯಮ್ಮ ನನ್ನ ಕೈ ತಳ್ಳಿದರು. "ಏನಮ್ಮ ನೀನು, ಮಕ್ಕಳು ಹೆತ್ತೋಳು ತಾನೆ? ಬಾಣಂತಿ ಕಿವೀಗೆ ಗಾಳಿ ಹೋಯ್ತದೆ ಅಂತ ಗೊತ್ತಿಲ್ವಾ? ತಲೆನೋವು ಅಂತಾವ್ಳೆ ಆಗ್ಲೇ. ನಾಳೆ ಹೆಚ್ಚುಕಮ್ಮಿ ಆದ್ರೆ ನೀನು ಬಂದು ನೋಡ್ಕಂತೀಯಾ?"

ಹೊರಗೆ ಆಟೋ ನಿಂತಿತ್ತು, ಥಿಯೇಟರಿನಲ್ಲಿ ಇನ್ನೊಂದು ಕೇಸು ಕಾಯುತ್ತಿತ್ತು. ನಾನು ಮಂಜುಳಾಳ ಮುಖಕ್ಕೆ ಬಾಗಿ, "ಕಿವಿ ಚೆನ್ನಾಗಿ ಕೇಳ್ತದೇನಮ್ಮ?" ಎಂದೆ. ಅವಳು ನಗುತ್ತ ತಲೆಯಾಡಿಸಿದಳು. ಆಪರೇಷನ್‌ಗೆ ಮುಂಚೆ ಎಳೆದಿದ್ದ ಗೆರೆಯನ್ನೇ ನೋಡಿಕೊಂಡು, ಅದರ ಹಾಗೆಯೇ ಇನ್ನೊಂದು ಗೆರೆ ಎಳೆದೆ. ಕಿವಿ ಕೇಳದವರನ್ನು ಕಿವಿ ಕೇಳುತ್ತದೆಯಾ ಎಂದು ಬಾಯಲ್ಲಿ ಕೇಳಿದ ಬುದ್ಧಿವಂತೆ ನಾನು.

ಎಂಟನೇ ದಿನ ಹೊಲಿಗೆ ಬಿಚ್ಚಿಸಲು ಬಂದರು. ಆಗ ಮುನಿಯಮ್ಮನೇ ಮಾತು ತೆಗೆದರು. "ಸಿಸ್ಟ್ರೇ, ಇವಳಿಗೆ ಏನು ಹೇಳಿದ್ರೂ ಕೇಳ್ಸಲ್ಲ. ಹತ್ತಿ ಇಟ್ಟಿರೋದಕ್ಕೆ ಇರ್ಬೇಕು ಅನ್ಕಂಡಿದ್ದೆ. ಈಗ ಕೂಗಿದ್ರೂ ಕೇಳ್ಸಲ್ಲ."

"ಯಾವತ್ತಿಂದ?"

"ನಾಕ್ನೇ ಜ್ವರ ಎದ್ದಾಗ್ನಿಂದ ಕಣಮ್ಮ."

ನಾನು ಹಾಳೆ ತೆಗೆದು ಜ್ವರ ಎನ್ನುವ ಕಡೆ, "ಮನೆಗೆ ಹೋದ ಮೇಲೆ ನಾಲ್ಕು ಸಲ" ಎಂದು ಬರೆದೆ. ಡಾಕ್ಟರು ಬೇರೊಂದು ಕೇಸಿನ ನಡುವೆ ಹಾಳೆ ನೋಡಿ, "ನಾಲ್ಕು ಸಲ ಜ್ವರ ಬಂದಿದ್ರೆ ವೈರಸ್ ಇರಬೇಕು. ಹೋಗೋ ದಿನ ಕಿವಿ ಚೆನ್ನಾಗಿತ್ತಲ್ಲ, ನಿಮ್ಮ ಗೆರೆ ಇದೆ. ನಮ್ಮ ಸೂಜಿ ಅಲ್ಲ ಇದು. ಮುಂದಿನ ವಾರ ಕಿವಿ ಡಾಕ್ಟರ ಹತ್ರ ತೋರಿಸೋಕೆ ಹೇಳಿ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೊರಗೆ ಬಂದು ಒಂದು ಲೋಟ ಟೀ ಕುಡಿದೆ.

ಮಾರನೇ ದಿನ ಬೆಳಿಗ್ಗೆ ಹಾಳೆಗಳನ್ನು ದೊಡ್ಡ ಪುಸ್ತಕಕ್ಕೆ ಇಳಿಸುತ್ತಿದ್ದೆ. ನಮ್ಮ ಆಯಾ ಗೌರಮ್ಮ ಶಿಡ್ಲಘಟ್ಟದವಳು, ಪಕ್ಕದಲ್ಲಿ ಗಾಜ್ ಬಟ್ಟೆ ಮಡಿಸುತ್ತ ಕೂತಿದ್ದಳು. ಬಾಣಂತಿಗೆ ಮೂರು ದಿನದಲ್ಲಿ ನಾಲ್ಕು ಸಲ ಜ್ವರವಂತೆ, ಪಾಪ, ಎಂದೆ. "ನಾಕ್ನೇ ಜ್ವರ ಎದ್ದಾಗ್ನಿಂದ ಕಿವಿ ಹೋಯ್ತಂತೆ ನೋಡು."

ಗೌರಮ್ಮ ಮಡಿಸುತ್ತಿದ್ದ ಬಟ್ಟೆ ಬಿಟ್ಟು ನಕ್ಕಳು. "ಅಯ್ಯೋ ಸಿಸ್ಟ್ರೇ, ಅದು ಅವಳಿಗೆ ಬಂದ ಜ್ವರ ಅಲ್ಲ, ಹುಳದ ಜ್ವರ! ಹುಳ ಪೊರೆ ಬಿಡೋಕೆ ಮೇವು ಬಿಟ್ಟು ಕೂತ್ಕಂತಾವಲ್ಲ, ಅದಕ್ಕೆ ಜ್ವರ ಅಂತೀವಿ. ನಾಕು ಜ್ವರ ಆದ್ಮೇಲೆ ಗೂಡು ಕಟ್ಟೋದು. ನಾಕ್ನೇ ಜ್ವರ ಎದ್ದಾಗ ಅಂದ್ರೆ ಇಂಥಾ ದಿನ ಅಂತ ಲೆಕ್ಕ, ಅಷ್ಟೇಯ."

ನಾನು ನಗರಗೆರೆಯವಳು. ನಮ್ಮ ಮನೆಯಲ್ಲಿ ರಾಗಿ, ಕಡಲೇಕಾಯಿ ಬೆಳೆದವರೇ ಹೊರತು ಹುಳ ಸಾಕಿದವರಲ್ಲ. ರೇಷ್ಮೆಯ ಸೀಮೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಆ ಮಾತು ಕಿವಿಗೆ ಬಿದ್ದೇ ಇರಬೇಕು, ತಲೆಗೆ ಹೋಗಿರಲಿಲ್ಲ. ಅವಳಿಗೆ ಜ್ವರವೇ ಬಂದಿಲ್ಲ. ಹಾಗಾದರೆ ಕಿವಿ ಹೋದದ್ದು ದಪ್ಪ ಸೂಜಿಯಿಂದಲೇ ಇರಬಹುದು. ಮನೆಗೆ ಹೋಗುವ ದಿನವೇ ಹೋಗಿದ್ದಿರಬಹುದು, ನಾನು ಗೆರೆ ಎಳೆದು ಮುಚ್ಚಿಹಾಕಿದ್ದಿರಬಹುದು. ಇದ್ದಕ್ಕಿದ್ದಂತೆ ಹೋದ ಕಿವಿಗೆ ದಿನ ಕಳೆದಷ್ಟೂ ಆಸೆ ಕಡಿಮೆ ಎಂದು ಡಾಕ್ಟರು ನೂರು ಸಲ ಹೇಳಿದ್ದರು. ನಾವು ಅವಳನ್ನು ಮುಂದಿನ ವಾರಕ್ಕೆ ಕಳಿಸಿದ್ದೆವು.

ಆ ಬೆಳಿಗ್ಗೆ ನಾನು ಏನೇನು ಯೋಚಿಸಿದೆ ಎಂಬುದನ್ನೂ ಬರೆದುಬಿಡುತ್ತೇನೆ. ಹಾಳೆ ಹರಿದು ಹಾಕಬಹುದು ಎಂದುಕೊಂಡೆ. ಜ್ವರ ಎನ್ನುವುದನ್ನು ಮಾತ್ರ ತಿದ್ದಿ, ಗೆರೆಯ ವಿಚಾರ ಬಾಯಿ ಬಿಡದೆ ಇರಬಹುದು ಎಂದುಕೊಂಡೆ. ಕೆಲಸ ಹೋದರೆ ಮಕ್ಕಳ ಗತಿ ಏನು ಎಂದು ಹೆದರಿದೆ. ಎರಡು ಸಲ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೇ ಸಲ ಅವರೇ ಬಾಗಿಲು ತೆಗೆದು, "ಏನು?" ಎಂದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹುಳದ ಜ್ವರ, ಹತ್ತಿ, ನೋಡಿ ಎಳೆದ ಗೆರೆ.

ಅವರು ಕಿರುಚುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಮೆಲ್ಲಗೆ, "ಇನ್ನೆಷ್ಟು ಜನಕ್ಕೆ ಹೀಗೆ ಗೆರೆ ಎಳೆದಿದೀರ?" ಎಂದರು.

"ಬಾಣಂತೀರು ಸರ್. ಹತ್ತಿ ತೆಗೆಯಕ್ಕೆ ಬಿಡದೇ ಇದ್ದೋರಿಗೆ."

"ಅಂದ್ರೆ ಎಲ್ಲರಿಗೂ."

ಅವರು ಪುಸ್ತಕ ತೆರೆದು ಬಾಣಂತಿಯರ ಪುಟಗಳನ್ನೆಲ್ಲ ಒಂದೊಂದಾಗಿ ಅಡ್ಡಗೆರೆ ಹಾಕಿ ಹೊಡೆದರು. ಎಷ್ಟೋ ತಿಂಗಳ ಕೆಲಸ ಅದು. ಆಮೇಲೆ ಥಿಯೇಟರ್ ರಿಜಿಸ್ಟರಿನಲ್ಲಿ ಮಂಜುಳಾಗೆ ಹಾಕಿದ ಸೂಜಿ ಯಾವುದೆಂದು ನೋಡಿದರು. ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದರು. ಅವರಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

"ಕಾರಲ್ಲಿ ಕೂತ್ಕೊಳ್ಳಿ. ಆ ಯಂತ್ರ ತಗೊಳ್ಳಿ" ಎಂದರು.

ಮನೆ ಹುಡುಕಿಕೊಂಡು ಹೋದಾಗ ಮಧ್ಯಾಹ್ನ. ಮುನಿಯಮ್ಮ ಸೊಪ್ಪು ಹಾಕಿ ಆಗತಾನೆ ಹುಳದ ಮನೆಯಿಂದ ಹೊರಗೆ ಬಂದಿದ್ದರು. ನಡುಮನೆಗೆ ಕಾಲಿಟ್ಟರೆ ಜೋರು ಮಳೆ ಹುಯ್ಯುವ ಸದ್ದು. ಹೊರಗೆ ಬಿಸಿಲು. ಗೋಡೆಯ ಆಚೆ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಅದು, ನಾನು ಕೇಳಿದ್ದು ಅದೇ ಮೊದಲು. ಬಾಣಂತಿ ಹುಳದ ಮನೆಗೆ ಹೋಗುವ ಹಾಗಿಲ್ಲ. ಮಂಜುಳಾ ಆ ಗೋಡೆಯ ಈಚೆ ಮಂಚದ ಮೇಲೆ ಮಲಗಿ ಅಳುತ್ತಿದ್ದಳು.

"ನೋಡಿ ಸ್ವಾಮಿ, ನೆನ್ನೆಯಿಂದ ಇದೇ ಗೋಳು" ಎಂದರು ಮುನಿಯಮ್ಮ. "ಹುಳ ಸೊಪ್ಪು ಮುಟ್ತಿಲ್ಲ, ರೋಗ ಬಂದೈತೆ, ಎಲ್ಲಾ ಸತ್ತೋಯ್ತವೆ ಅಂತ ಅಳ್ತಾಳೆ. ಹಂಗೇನಿಲ್ಲ ಕಣೇ, ಚೆನ್ನಾಗಿ ತಿಂತಾವೆ ಅಂದ್ರೆ ನಂಬಲ್ಲ. ಸದ್ದೇ ಇಲ್ವಲ್ಲ ಅತ್ತೆ ಅಂತಾಳೆ."

ಮಗು ಅವಳ ಎಡಗಡೆ ಮಲಗಿತ್ತು. ಬಟ್ಟೆ ಒದ್ದೆಯಾಗಿ ಕಿರುಚಿ ಕಿರುಚಿ ಕೆಂಪಗಾಗಿತ್ತು. ತಾಯಿ ಗೋಡೆಯನ್ನೇ ನೋಡುತ್ತಿದ್ದಳು. ಮಗುವನ್ನು ಎತ್ತಿ ಮುನಿಯಮ್ಮನ ಕೈಗೆ ಕೊಟ್ಟು, ಅವರು ಬೇಡ ಬೇಡ ಅನ್ನುತ್ತಿದ್ದ ಹಾಗೆಯೇ ಮಂಜುಳಾಳ ತಲೆಯ ಬಟ್ಟೆ ಬಿಚ್ಚಿ, ಎರಡೂ ಕಿವಿಯ ಹತ್ತಿ ತೆಗೆದೆ. ಐದನೇ ದಿನವೇ ಮಾಡಬೇಕಿದ್ದ ಕೆಲಸ, ಅರ್ಧ ನಿಮಿಷ ಹಿಡಿಯಿತು. ಹತ್ತಿ ತೆಗೆದ ಮೇಲೆ ಅವಳು ಗೋಡೆಯ ಕಡೆ ನೋಡಿದಳು, ನನ್ನನ್ನು ನೋಡಿದಳು. ಆಗ ಅವಳಿಗೆ ಅರ್ಥವಾಯಿತು. ಹುಳಕ್ಕೆ ಏನೂ ಆಗಿಲ್ಲ, ಆಗಿರುವುದು ತನಗೆ ಎಂದು.

ಯಂತ್ರ ಹಾಕಿ ನೋಡಿದೆವು. ಬಲಗಿವಿ ಮಂದ, ಎಡಗಿವಿ ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು. ಡಾಕ್ಟರು ಬೆಂಗಳೂರಿನ ಕಿವಿ ಡಾಕ್ಟರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿದರು. ಮಾತ್ರೆಗಳನ್ನು ಅವತ್ತೇ ಶುರುಮಾಡುವುದು, ಅದರ ಜೊತೆ ಅವಳ ತೋಳಿನ ರಕ್ತವನ್ನೇ ಸ್ವಲ್ಪ ತೆಗೆದು ಬೆನ್ನಿನಲ್ಲಿ ಸೂಜಿ ಹಾಕಿದ ಜಾಗದ ಹತ್ತಿರ ಬಿಡುವುದು ಎಂದಾಯಿತು. ರಕ್ತ ಹೆಪ್ಪುಗಟ್ಟಿ ತೂತು ಮುಚ್ಚಿಕೊಂಡರೆ ತಲೆನೋವು ಹೋಗುತ್ತದೆ, ಅದೃಷ್ಟವಿದ್ದರೆ ಕಿವಿಯೂ ಬರಬಹುದು.

ಇದನ್ನೆಲ್ಲ ಅವಳಿಗೆ ಹೇಳಬೇಕಲ್ಲ. ಡಾಕ್ಟರು ಪ್ರಶ್ನೆಯ ಹಾಳೆಯನ್ನು ಮಗುಚಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು. "ನೀವೇ ಬರೀರಿ. ಎಲ್ಲಾ ಬರೀರಿ" ಎಂದರು.

ಬರೆದೆ. ಬೆನ್ನಿಗೆ ಇನ್ನೊಂದು ಸೂಜಿ ಹಾಕಬೇಕು ಎಂದು ಬರೆದೆ. ಮನೆಗೆ ಹೋಗುವ ದಿನ ನಾನು ನಿನ್ನ ಕಿವಿ ಪರೀಕ್ಷೆ ಮಾಡದೆಯೇ, ಮಾಡಿದ ಹಾಗೆ ಸುಳ್ಳು ಗೆರೆ ಎಳೆದೆ, ಅದರಿಂದ ತಡವಾಯಿತು, ನನ್ನ ತಪ್ಪು ಎಂದೂ ಬರೆದೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಮಗು ಅಳೋದು ಕೇಳ್ಸ್ತದಾ ಆಮೇಲೆ?" ಎಂದಳು. ತನ್ನ ದನಿ ತನಗೆ ಕೇಳದ್ದರಿಂದ ಕೂಗಿಯೇ ಕೇಳಿದಳು. ಹೌದು ಎಂದು ಬರೆಯಲು ಕೈ ಹೋಯಿತು. ಮತ್ತೆ ಸುಳ್ಳು ಬರೆಯಬಾರದು ಎನಿಸಿ, "ಗೊತ್ತಿಲ್ಲ" ಎಂದು ಬರೆದೆ.

ಅವತ್ತು ಸಂಜೆಯೇ ಥಿಯೇಟರಿನಲ್ಲಿ ಅವಳನ್ನು ಬಾಗಿಸಿ ಹಿಡಿದುಕೊಂಡವಳೂ ನಾನೇ. ಅವಳು ನನ್ನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಎರಡು ದಿನ ಕಂದಿತ್ತು. ಮಾರನೇ ಬೆಳಿಗ್ಗೆ ತಲೆನೋವು ಇಳಿದಿತ್ತು. ನಾನು ಟ್ರೇ ಇಡುವ ಸದ್ದಿಗೆ ತಲೆ ತಿರುಗಿಸಿದಳು. ಬಲಗಿವಿ ಬಂದಿತ್ತು. ಎಡಗಿವಿ ಬರಲಿಲ್ಲ. ಆಮೇಲೆ ಬೆಂಗಳೂರಿಗೂ ಹೋಗಿ ಬಂದರು, ಎಡಗಿವಿ ಬರಲೇ ಇಲ್ಲ. ಎರಡು ಮೂರು ದಿನ ಮುಂಚೆ ಸಿಕ್ಕಿದ್ದರೆ ಬರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಬರಬಹುದಿತ್ತು. ಬರದೇನೂ ಇರಬಹುದಿತ್ತು. ಅದು ಇನ್ನು ಯಾವತ್ತೂ ಗೊತ್ತಾಗದ ಹಾಗೆ ಮಾಡಿರೋದೇ ನಿಮ್ಮ ಗೆರೆ" ಎಂದರು. ಅವರು ನನಗೆ ಬೈದದ್ದು ಅದೊಂದೇ ಮಾತು.

ಆ ಪುಸ್ತಕದಿಂದ ಏನೂ ಸಾಬೀತಾಗಲಿಲ್ಲ. ಕಿವಿಗೆ ತೊಂದರೆ ಕೊಟ್ಟದ್ದು ಔಷಧಿಯೋ ತೂತೋ ಎಂಬುದು ನಮ್ಮ ಮಟ್ಟಿಗೆ ಗೊತ್ತಾಗದೆಯೇ ಉಳಿಯಿತು. ಡಾಕ್ಟರು ಅದನ್ನು ಎಲ್ಲಿಗೂ ಕಳಿಸಲಿಲ್ಲ. ಆದರೆ ತೆಳು ಸೂಜಿ ಇಲ್ಲದ ದಿನ, ತುರ್ತಲ್ಲದ ಆಪರೇಷನ್ ಮುಂದೂಡುವ ಪದ್ಧತಿ ಬಂತು. ಪ್ರಶ್ನೆಯ ಹಾಳೆಗೆ ಎರಡು ಸಾಲು ಸೇರಿದವು. ಒಂದು, "ಹತ್ತಿ ತೆಗೆದಿರಾ?" ಇನ್ನೊಂದು, "ಜ್ವರ ಯಾರಿಗೆ?" ಹೊಸದಾಗಿ ಬಂದ ಹುಡುಗಿಯರು ಎರಡನೆಯದನ್ನು ಓದಿ ನಗುತ್ತಿದ್ದರು. ಅವರು ನಗುವಾಗ ನಾನು ಬೇರೆ ಕೋಣೆಗೆ ಹೋಗುತ್ತಿದ್ದೆ.

ಈಗ ಮೊದಲು ಹೇಳಿದ ಹುಡುಗಿಯ ವಿಚಾರ. ಹೋದ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಮಂಜುಳಾ ಬಂದಿದ್ದಳು, ಜೊತೆಯಲ್ಲಿ ಮಗಳು ಸಿಂಧು. ಹುಡುಗಿ ಕೂಸಾಗಿದ್ದಾಗಲೇ ಅವರು ಹುಳ ಬಿಟ್ಟು ಪೇಟೆಗೆ ಬಂದಿದ್ದರು. ನರ್ಸಿಂಗ್ ಸೇರುತ್ತಾಳಂತೆ, ಆಶೀರ್ವಾದ ಮಾಡಿ ಎಂದು ಬಂದಿದ್ದರು. ಸೋಫಾದ ಮೇಲೆ ಕೂರುವಾಗ ಹುಡುಗಿ ಒಮ್ಮೆ ಎಡಕ್ಕೆ ಕೂತು, ತಟ್ಟನೆ ಎದ್ದು ಅಮ್ಮನ ಬಲಕ್ಕೆ ಬಂದಳು. ಹುಟ್ಟಿದಾಗಿನಿಂದ ಅಭ್ಯಾಸವಾಗಿರಬೇಕು.

ಕಾಫಿ ಕುಡಿಯುವಾಗ ಸಿಂಧು ಕೇಳಿದಳು. "ಆಂಟಿ, ನಮ್ಮಮ್ಮನ ಎಡಗಿವಿ ಯಾವುದೋ ಜ್ವರ ಬಂದು ಹೋಯ್ತಂತೆ. ನಾಲ್ಕನೇ ಸಲ ಬಂದಾಗ ಅಂತ ಅಮ್ಮ ಹೇಳ್ತಾಳೆ. ಆಗ ನೀವು ಅಲ್ಲೇ ಇದ್ರಂತಲ್ಲ. ಎಂಥಾ ಜ್ವರ ಅದು? ನಮ್ಮ ಸಿಲಬಸ್ಸಲ್ಲಿ ಇರತ್ತಾ?"

ನಾನು ಮಂಜುಳಾಳ ಮುಖ ನೋಡಿದೆ. ಅವಳು ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದು ದಿನ ಹೇಳ್ತೀನಿ ಪುಟ್ಟಾ" ಎಂದೆ.

ಹೋಗುವಾಗ ಗೇಟಿನ ಹತ್ತಿರ ಮಂಜುಳಾ ಹಿಂದೆ ಉಳಿದಳು. "ಜ್ವರ ಅಂತಲೇ ಹೇಳ್ಕೊಂಡು ಬಂದಿದೀನಿ ಸಿಸ್ಟರ್. ನಿಮ್ಮ ಹೆಸರು ಯಾರ ಹತ್ರನೂ ಎತ್ತಿಲ್ಲ. ಆದ್ರೆ ಅವಳು ನಿಮ್ಮ ಕೆಲಸಕ್ಕೇ ಬರ್ತಿದಾಳೆ. ಹೇಳೋದಿದ್ರೆ ನೀವೇ ಹೇಳಿ" ಎಂದಳು. ಅಷ್ಟು ಹೇಳಿ, ಮಗಳ ಎಡಕ್ಕೆ ಸೇರಿಕೊಂಡು ಹೋದಳು.

ಸಿಂಧು, ನಿನ್ನ ಅಮ್ಮನಿಗೆ ಜ್ವರ ಬಂದಿರಲಿಲ್ಲ. ಜ್ವರ ಬಂದದ್ದು ನಿಮ್ಮ ಮನೆಯ ಹುಳಕ್ಕೆ. ಕಿವಿಯ ಹತ್ತಿ ತೆಗೆಯದೆ ಗೆರೆ ಎಳೆದವಳು ನಾನು. ನೀನು ವಾರ್ಡಿಗೆ ಹೋದ ಮೇಲೆ ಹತ್ತಿ ತೆಗೆಸು, ಅತ್ತೆ ಬೈದರೆ ಬೈಸಿಕೋ. ಮೊದಲ ದಿನ ನಿನ್ನ ಅಳು ನಿನ್ನ ಅಮ್ಮನಿಗೆ ಕೇಳಿಸಿತ್ತು, ಅವಳು ನಕ್ಕಿದ್ದಳು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂಬತ್ತನೇ ದಿನ ನೀನು ಅವಳ ಎಡಗಡೆ ಮಲಗಿ ಎಷ್ಟು ಹೊತ್ತಿನಿಂದ ಅಳುತ್ತಿದ್ದೆಯೋ ನನಗೆ ಗೊತ್ತಿಲ್ಲ. ಇದನ್ನು ಓದಿದ ಮೇಲೆ ನೀನು ನಮ್ಮ ಮನೆಗೆ ಬರುತ್ತೀಯೋ ಇಲ್ಲವೋ ಎಂದು ನನಗೆ ಭಯವಾಗುತ್ತಿದೆ.